ಪುರಾಧಿಕಾರಿಯ ಆದಿಷ್ಟಕಾರ್ಯವೂ ಅದರ ಪರೀಕ್ಷೆಯೂ

‘ನಾಗರಿಕ’ ಎಂಬ ಶಬ್ದಕ್ಕೆ ಈಗಿನ ಕನ್ನಡದಲ್ಲಿ ಪಟ್ಟಣವಾಸಿ, ಸಭ್ಯ, ದೇಶದ ಪ್ರಜೆ ಎಂಬ ಅರ್ಥಗಳು ರೂಢವಾಗಿರುವವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಾದರೋ ಇದು ಪಟ್ಟಣದ ಆಡಳಿತವನ್ನೆಲ್ಲ ನಡೆಯಿಸುವ ಒಬ್ಬ ಅಧಿಕಾರಿಯ ಹೆಸರಾಗಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಪುರಸಭೆಗಳಲ್ಲಿಯೂ ಕಿತ್ತೂರಿನ ಪಟ್ಟಣ ಪಂಚಾಯತಿಯಲ್ಲಿಯೂ ಇಂದು ‘ಮುಖ್ಯಾಧಿಕಾರಿ’ ಎನಿಸಿಕೊಳ್ಳುವವರ ಕೆಲಸಕ್ಕೂ ಆ ನಾಗರಿಕನ ಕೆಲಸಕ್ಕೂ ಇರುವ ಹೋಲಿಕೆ ಸಣ್ಣದಲ್ಲ. ಇಂಥ ಅಧಿಕಾರಿಗೆ ವರ್ಷದ ಕಾರ್ಯವನ್ನು ಗೊತ್ತುಪಡಿಸತಕ್ಕವರು ಯಾರು, ವರ್ಷವು ಮುಗಿದ ಮೇಲೆ ಆ ಕಾರ್ಯವನ್ನು ಯಾವ ಕೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಯು ಇತ್ತೀಚಿನದೆಂದು ತೋರಿದರೂ ಶಾಸ್ತ್ರಕಾರರು ಇದನ್ನು ಬಹು ಹಿಂದೆಯೇ ವಿಚಾರಿಸಿರುವರು. ಆ ಗ್ರಂಥವನ್ನು 1909ರಲ್ಲಿ ಮೊದಲು ಮುದ್ರಿಸಿ ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರದ ಆರ್. ಶಾಮಶಾಸ್ತ್ರಿಗಳಾದುದರಿಂದ ಕನ್ನಡಿಗರಿಗೆ ಈ ವಿಚಾರದಲ್ಲಿ ಒಂದು ವಿಶೇಷವಾದ ಹಕ್ಕೂ ಉಂಟು.

ಎರಡನೆಯ ಅಧಿಕರಣದ ಕಡೆಯ ಅಧ್ಯಾಯವು ನಾಗರಿಕನ ಕರ್ತವ್ಯಗಳನ್ನು ಹೇಳುವದು. ಆತನ ಕೈಕೆಳಗೆ ಪಟ್ಟಣದ ನಾಲ್ಕನೆಯ ಒಂದು ಪಾಲಿಗೆ ಒಬ್ಬ ಸ್ಥಾನಿಕ. ಹತ್ತು, ಇಪ್ಪತ್ತು ಅಥವಾ ನಾಲ್ವತ್ತು ಕುಟುಂಬಗಳಿಗೆ ಒಬ್ಬ ಗೋಪ. ಮನೆಮನೆಯ ಜನರ ಹೆಸರು, ವೃತ್ತಿ, ಆಯ, ವ್ಯಯ ಇವುಗಳನ್ನು ಗೋಪನು ಅರಿತಿರಬೇಕು. ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರುನೀರನ್ನು ನಿಲ್ಲಿಸಿದವನಿಗೆ ಕಾಲುಪಣ, ರಾಜಮಾರ್ಗದಲ್ಲಾದರೆ ಅದರ ಇಮ್ಮಡಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕಾಗಿ ಬೀದಿಗಳಲ್ಲಿ ನೀರಿನ ಕೊಡಗಳನ್ನು ಸಾವಿರಗಟ್ಟಲೆ ಸಾಲಾಗಿ ಇರಿಸಬೇಕು. ಇವೆಲ್ಲ ಪ್ರಜೆಗಳ ಮೇಲಣ ಕಟ್ಟುಗಳಾದವು. ಆದರೆ ಅಧ್ಯಾಯವು ಇಲ್ಲಿಗೇ ನಿಲ್ಲದೆ ನಾಗರಿಕನನ್ನೂ ಕಟ್ಟಿಗೆ ಒಳಪಡಿಸುವದು. ನೀರಿನ ತಾಣ, ದಾರಿ, ಗುಪ್ತಮಾರ್ಗ, ಕೋಟೆಗೋಡೆಗಳನ್ನು ಆತನು ದಿನಾಲೂ ಕಣ್ಣಾರೆ ನೋಡತಕ್ಕದ್ದು, ರಾತ್ರಿಯಲ್ಲಿ ನಡೆದ ದೋಷವನ್ನು ತಿಳಿಸದಿದ್ದರೆ ಆತನಿಗೇ ದೋಷಾನುಸಾರವಾಗಿ ದಂಡ, ಅಲಕ್ಷ್ಯಕ್ಕೂ ದಂಡವುಂಟು. ಕೆಲಸದ ಹೆಸರನ್ನು ಹೇಳಿ, ಅದರ ಹೊತ್ತನ್ನು ಹೇಳಿ, ತಪ್ಪಿದರೆ ಆಗುವದೇನೆಂಬದನ್ನೂ ಮುಂಚಿತವಾಗಿಯೇ ಹೇಳಿದ ಈ ಕ್ರಮವು ಗಮನಾರ್ಹವಾದುದು.

ಪರೀಕ್ಷೆಯ ತತ್ತ್ವವು ಮಾತ್ರ ಬೇರೊಂದೆಡೆಯಲ್ಲಿ, ಉಪಯುಕ್ತಪರೀಕ್ಷೆಯೆಂಬ ಅಧ್ಯಾಯದಲ್ಲಿ ಬರುವದು. ‘ಉಪಯುಕ್ತ’ ಎಂದರೆ ಕೆಲಸದಲ್ಲಿ ನಿಯೋಜಿತನಾದವನು. ಈಗಿನ ‘ಉಪಯೋಗವುಳ್ಳ’ ಎಂಬರ್ಥವನ್ನು ಇಲ್ಲಿ ಎಣಿಸಬಾರದು. ಯೋಗ್ಯತೆಯನ್ನು ನೋಡಿ ನೇಮಿಸಿದ ಮೇಲೆಯೂ ಅಧ್ಯಕ್ಷರನ್ನು ನಿತ್ಯವೂ ಪರೀಕ್ಷಿಸುತ್ತಿರಬೇಕು, ಏಕೆಂದರೆ ಕೆಲಸಕ್ಕೆ ಹೂಡಿದ ಕುದುರೆಯಂತೆ ಮನುಷ್ಯನ ಚಿತ್ತವೂ ಬದಲಾಗುವದು ಎಂಬುದು ಅಲ್ಲಿಯ ಅಭಿಪ್ರಾಯ. ಆಪತ್ತಿನ ಪ್ರತೀಕಾರವನ್ನು ಬಿಟ್ಟು ಬೇರಾವ ಕೆಲಸವನ್ನೂ ಒಡೆಯನಿಗೆ ತಿಳಿಸದೆ ಆರಂಭಿಸಕೂಡದು. ಆದೇಶಿಸಿದಷ್ಟನ್ನು ಅಥವಾ ಅದಕ್ಕಿಂತ ಮಿಗಿಲಾದುದನ್ನು ಸಾಧಿಸಿದವನು ಸ್ಥಾನಮಾನಗಳಿಗೆ ಅರ್ಹನು. ಈ ಪರೀಕ್ಷೆಗೆಲ್ಲ ಆಧಾರವು ‘ಯಥಾದಿಷ್ಟ’ವೆಂಬ ಒಂದೇ ಶಬ್ದ. ಆದೇಶವೇ ಇಲ್ಲದಲ್ಲಿ ಸಾಧನೆಯೂ ಇಲ್ಲ, ಲೋಪವೂ ಇಲ್ಲ. ಉಳಿಯುವದು ಪರೀಕ್ಷಕನ ಪ್ರಸಾದ ಅಥವಾ ಕೋಪ ಮಾತ್ರ.

ಅದೇ ಅಧ್ಯಾಯದಲ್ಲಿ ಬರುವ ಇನ್ನೊಂದು ವಿಚಾರವು ಇದಕ್ಕಿಂತಲೂ ಸೂಕ್ಷ್ಮವಾಗಿದೆ. ಬರಬೇಕಾದ ಆದಾಯವನ್ನು ಕಡಿಮೆ ಮಾಡಿದ ಅಧಿಕಾರಿಯು ರಾಜನ ಹಣವನ್ನು ತಿಂದವನು. ಇದನ್ನು ಯಾರಾದರೂ ಒಪ್ಪುವರು. ಆದಾಯವನ್ನು ಇಮ್ಮಡಿಸಿದವನು ಜನಪದವನ್ನು ತಿಂದವನೆಂದು ಕೌಟಿಲ್ಯನು ಕೂಡಲೇ ಸೇರಿಸುವನು. ಆ ಹೆಚ್ಚಳವನ್ನು ರಾಜನಿಗೇ ತಂದು ಒಪ್ಪಿಸಿದರೂ ಅಪರಾಧವು ತಪ್ಪುವದಿಲ್ಲ. ಬಂದುದನ್ನೆಲ್ಲ ವ್ಯಯದಲ್ಲಿಯೇ ಮುಗಿಸಿದವನು ಕೆಲಸಗಾರರ ದುಡಿಮೆಯನ್ನು ತಿಂದವನು. ಖಜಾನೆ, ಪ್ರಜೆ, ದುಡಿಯುವ ಜನ ಎಂಬ ಮೂರು ಕಡೆಗಳಿಂದ ಒಬ್ಬನೇ ಅಧಿಕಾರಿಯನ್ನು ನೋಡುವ ಈ ದೃಷ್ಟಿಯು ಕೇವಲ ವಸೂಲಿಯ ಅಂಕಿಯಿಂದ ಸಂತುಷ್ಟವಾಗುವ ದೃಷ್ಟಿಗಿಂತ ಎಷ್ಟೋ ಮೇಲಾದುದು. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ರಾಮದುರ್ಗ ಸಂಸ್ಥಾನದಲ್ಲಿ 1939ರ ಎಪ್ರಿಲ್ ತಿಂಗಳಲ್ಲಿ ಪ್ರಜೆಗಳ ಅಸಮಾಧಾನವು ದಂಗೆಯಾಗಿ ಪರಿಣಮಿಸಿ ಜೀವಹಾನಿಯಾಯಿತು. ಕರಭಾರವು ಆ ಅಸಮಾಧಾನದ ಕಾರಣಗಳಲ್ಲೊಂದಾಗಿದ್ದಿತು.

ಪರೀಕ್ಷೆಯ ಕಾಲವೂ ಶಾಸ್ತ್ರದಲ್ಲಿ ಗೊತ್ತಾಗಿದೆ. ಮುನ್ನೂರೈವತ್ತನಾಲ್ಕು ದಿನಗಳ ಕರ್ಮಸಂವತ್ಸರವು ಆಷಾಢದ ಹುಣ್ಣಿಮೆಗೆ ಮುಗಿಯುವದು. ಆಗ ಎಲ್ಲ ಅಧ್ಯಕ್ಷರ ಗಣನೆಗಳು ಮುದ್ರೆಯೊತ್ತಿದ ಪುಸ್ತಕಗಳಲ್ಲಿ ಅಕ್ಷಪಟಲಕ್ಕೆ ಬರಬೇಕು. ಲೆಕ್ಕ ತಂದವರು ತಮ್ಮತಮ್ಮೊಳಗೆ ಮಾತಾಡಕೂಡದೆಂಬ ಕಟ್ಟಳೆಯನ್ನು ಓದಿದರೆ ಈಗಿನ ಪರೀಕ್ಷಾಮಂದಿರದ ನೆನಪಾಗದೆ ಇರದು.

ಇನ್ನು ಈ ಸೀಮೆಯ ಶಾಸನಗಳು. ಸವದತ್ತಿಯು ಪೂರ್ವದಲ್ಲಿ ಸುಗಂಧವರ್ತಿಯೆಂದು ಪ್ರಸಿದ್ಧವಾಗಿ ರಟ್ಟರ ರಾಜಧಾನಿಯಾಗಿದ್ದಿತು. ಅಲ್ಲಿಯ 1228ರ ಶಾಸನದಲ್ಲಿ ಎರಡನೆಯ ಲಕ್ಷ್ಮೀದೇವನ ರಾಜಗುರು ಮುನಿಚಂದ್ರನ ವರ್ಣನೆ ಇರುವದು. ರಟ್ಟರಾಜ್ಯವನ್ನು ಸ್ಥಿರಗೊಳಿಸಿದವನೆಂದು ಅವನಿಗೆ ಅಲ್ಲಿ ಹೊಗಳಿಕೆ ಸಂದಿದೆ. ಸಾಹಿತ್ಯವನ್ನು ಬೋಧಿಸುವವರು ಇಲ್ಲಿ ಒಂದು ಭೇದವನ್ನು ಮರೆಯಬಾರದು. ಪ್ರಶಸ್ತಿಯು ಕಾವ್ಯಜಾತಿಗೆ ಸೇರಿದುದು, ಪರೀಕ್ಷೆಯಲ್ಲ. ಪೆರ್ಗಡೆ, ದಂಡನಾಯಕ, ಪಟ್ಟಣಸ್ವಾಮಿಗಳನ್ನು ಶಾಸನಕವಿಗಳು ಹೊಗಳುವಾಗ ಗುಣಗಳ ಪಟ್ಟಿ ದೊರೆಯುವದೇ ಹೊರತು ಅವರಿಗೆ ವಹಿಸಿದ ಕಾರ್ಯ ಎಷ್ಟು, ನೆರವೇರಿದುದು ಎಷ್ಟು ಎಂಬದು ದೊರೆಯದು. ಗುಣವರ್ಣನೆಯಿಂದಲೇ ಆಡಳಿತವು ಉತ್ತಮವಾಗಿದ್ದಿತೆಂದು ಅನುಮಾನಿಸುವ ರೂಢಿಯು ಚರಿತ್ರಲೇಖಕರಲ್ಲಿ ಇನ್ನೂ ಹೋಗಿಲ್ಲ. ಶಾಸನಗಳ ದಾನಭಾಗವು ಇದಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿ ಭೂಮಿಯ ಎಲ್ಲೆ, ಬರುವ ಆಯ, ಅದನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂಬ ನಿಯಮ ಇವೆಲ್ಲ ಹತ್ತು ಜನ ನೋಡುವಂತೆ ಕಲ್ಲಿನಲ್ಲಿ ನಿಂತಿರುವವು. ಆದೇಶವು ಇಷ್ಟು ಸ್ಪಷ್ಟವಿದ್ದರೂ ಪರೀಕ್ಷೆಯ ಭಾಗಕ್ಕೆ ಬಂದಾಗ ಶಾಸನವು ಪಾಪಪುಣ್ಯಗಳ ಶಾಪೋಕ್ತಿಗೆ ಶರಣಾಗುವದು. ಕಿತ್ತೂರಿನ 1188ರ ಶಾಸನದಲ್ಲಿಯಂತೂ ಇಬ್ಬರು ಆಚಾರ್ಯರ ಭೂವ್ಯಾಜ್ಯವನ್ನು ಫಲದಿವ್ಯದಿಂದ, ಎಂದರೆ ಕಾಯಿಸಿದ ಕಬ್ಬಿಣದ ಗುಳದ ಪರೀಕ್ಷೆಯಿಂದ, ತೀರಿಸಿದ ಸಂಗತಿ ಬರುವದು.

ಬ್ರಿಟಿಷರ ಕಾಲದ ಮುಂಬಯಿ ಇಲಾಖೆಯ ಕಾಯ್ದೆಗಳಲ್ಲಿ ಮುಖ್ಯಾಧಿಕಾರಿಯ ಪದವು ರೂಪುಗೊಂಡಿತು. ದೊಡ್ಡ ಪಟ್ಟಣಗಳಿಗಾಗಿ 1925ರಲ್ಲಿ ಆದ ಕಾಯ್ದೆಯಲ್ಲಿ ಅವನನ್ನು ನೇಮಿಸುವ ಅಧಿಕಾರವು ಪುರಸಭೆಗೇ ಇದ್ದಿತು. ಆದೇಶಿಸುವವರೂ ಪರೀಕ್ಷಿಸುವವರೂ ಒಂದೇ ಸಭೆಯವರು. ಅದರಲ್ಲಿ ಪಕ್ಷಪಾತಕ್ಕೆ ಎಡೆಯಿದ್ದಿತೆಂಬ ಆಕ್ಷೇಪವು ನಿರಾಧಾರವಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಮೇರೆಗೆ ಮುಖ್ಯಾಧಿಕಾರಿಯನ್ನು ನೇಮಿಸುವದು ರಾಜ್ಯಸರಕಾರ. ಆಯವ್ಯಯಪತ್ರವನ್ನು ಮಂಜೂರು ಮಾಡುವವರು ಚುನಾಯಿತ ಸದಸ್ಯರು. ಅಧಿಕಾರಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ಬರೆಯುವವರು ಮೇಲಧಿಕಾರಿಗಳು. ಹೀಗೆ ಆದೇಶವು ಒಂದು ಮನೆಯಲ್ಲಿ, ಪರೀಕ್ಷೆಯು ಇನ್ನೊಂದು ಮನೆಯಲ್ಲಿ. ಸದಸ್ಯರ ಅವಧಿ ಮುಗಿದು ಚುನಾವಣೆ ತಡವಾದಾಗ ಸರಕಾರದ ಆಡಳಿತಾಧಿಕಾರಿಯೇ ಸಭೆಯ ಸ್ಥಾನದಲ್ಲಿ ಕುಳಿತುಕೊಳ್ಳುವನು; ಆಗ ಊರಿನವರ ಕೈಯಿಂದ ಎರಡೂ ಜಾರುವವು.

ಮೇಲಧಿಕಾರಿಗಳಿಗೆ ದೂರದಿಂದ ಕಾಣುವದು ಅಂಕಿಗಳು; ಅಂಕಿಗಳಲ್ಲಿ ಸುಲಭವಾಗಿ ಕಾಣುವದು ಕರವಸೂಲಿ. ಒಂದೇ ಅಳತೆಯು ಈ ನಾಲ್ಕು ಊರುಗಳಿಗೆ ಒಪ್ಪದೆಂಬದು ಅವುಗಳ ಸ್ಥಿತಿಯನ್ನು ನೋಡಿದರೆ ತಿಳಿಯುವದು. ಸವದತ್ತಿಗೆ ಜನಗಣತಿಯಲ್ಲಿಯ ಹೆಸರೇ ಸವದತ್ತಿ-ಯಲ್ಲಮ್ಮ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನಸಂದಣಿಯು ಊರಿನ ನಿವಾಸಿಗಳ ಎಣಿಕೆಯನ್ನು ಎಷ್ಟೋ ಪಟ್ಟು ಮೀರುವದು. ಈ ಯಾತ್ರಿಕರು ಮನೆಯ ಕರ ಕೊಡುವವರಲ್ಲ, ಆದರೆ ನೀರು ಕುಡಿಯುವರು, ಬೀದಿಯನ್ನು ಬಳಸುವರು. ತಲೆಯೆಣಿಕೆಯ ಮೇಲೆ ಗೊತ್ತುಮಾಡಿದ ನೀರು, ಪೌರಕಾರ್ಮಿಕರ ಸಂಖ್ಯೆ ಇವುಗಳಿಂದ ಅಲ್ಲಿಯ ಅಧಿಕಾರಿಯನ್ನು ಅಳೆದರೆ ಅನ್ಯಾಯವಾಗುವದು. ನವಿಲುತೀರ್ಥದ ಅಣೆಕಟ್ಟೆಯಿಂದ ಕೆಳಗಿರುವ ರಾಮದುರ್ಗದಲ್ಲಿ 2019ರ ಆಗಸ್ಟ್ ತಿಂಗಳ ಮಲಪ್ರಭೆಯ ಮಹಾಪೂರವು ಊರೊಳಗೆ ನುಗ್ಗಿತು. ಅಂಥ ವರ್ಷದಲ್ಲಿ ವಸೂಲಿ ಕುಗ್ಗುವದು ಸಹಜ. ಆಪತ್ಪ್ರತೀಕಾರವನ್ನು ಅಪ್ಪಣೆಗೆ ಕಾಯದೆ ಮಾಡಬೇಕೆಂದು ಶಾಸ್ತ್ರವು ಬಿಟ್ಟುಕೊಟ್ಟ ಎಡೆಯು ಇಂಥದಕ್ಕಾಗಿಯೇ. ಬೈಲಹೊಂಗಲವು ಪೇಟೆಯ ಊರು, ಅದರ ಚಿಂತೆಯೆಲ್ಲ ಸಂತೆ, ಸರಕು, ಗಾಡಿಗಳದು. ಕಿತ್ತೂರು ಕೋಟೆಯ ಊರು. ಅಕ್ಟೋಬರದ ಉತ್ಸವಕ್ಕೆ ಬರುವ ಜನರ ಏರ್ಪಾಡಿನ ಜೊತೆಗೆ ತಾಲೂಕಿನ ಕೇಂದ್ರವಾದ ಮೇಲೆ ಬಂದ ಹೊಸ ಭಾರವೂ ಅದಕ್ಕುಂಟು.

ಆದೇಶವನ್ನು ಬಹಿರಂಗವಾಗಿ ಹೇಳುವ ಒಂದು ಪ್ರಯತ್ನವು ಇತ್ತೀಚೆಗೆ ನಡೆದಿದೆ. 2011ರ ಸಕಾಲ ಅಧಿನಿಯಮದ ಮೇರೆಗೆ ಗೊತ್ತಾದ ಸೇವೆಗಳಿಗೆ ಇಂತಿಷ್ಟು ದಿನಗಳೆಂಬ ಅವಧಿಯನ್ನು ಪ್ರಕಟಿಸಲಾಗಿದೆ. ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮಿಗದಂತೆ, ಪರಿಹಾರವುಂಟು. ಹಣವು ಅಲ್ಪವಾದರೂ ಪಣದ ಎಂಟನೆಯ ಪಾಲೂ ಅಲ್ಪವೇ ಆಗಿದ್ದಿತು. ಆದರೆ ಇದು ಒಬ್ಬೊಬ್ಬ ಅರ್ಜಿದಾರನ ಕಾಗದಕ್ಕೆ ಸಂಬಂಧಿಸಿದುದು. ಬೀದಿ, ಚರಂಡಿ, ಕುಡಿಯುವ ನೀರು ಇವುಗಳಿಗೆ ಅರ್ಜಿದಾರನು ಇಡೀ ಊರು. ಮುಂಗಡಪತ್ರದ ಸಭೆಯು ಹಣದ ಬಾಬುಗಳ ಎದುರಿಗೇ ಕಾರ್ಯದ ಬಾಬುಗಳನ್ನೂ ಬರೆಯಿಸಿ, ಆ ಪತ್ರವನ್ನು ವಾರ್ಷಿಕ ವರದಿ ಬರೆಯುವ ಮೇಲಧಿಕಾರಿಗೆ ಕಳಿಸುವದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ, ಠರಾವೊಂದು ಸಾಕು. ಸವದತ್ತಿಯಲ್ಲಿ ಅಂಥ ಪತ್ರದ ಮೊದಲ ಬಾಬು ಭಾರತ ಹುಣ್ಣಿಮೆಯ ಮುಂಚಿನ ಎಂಟು ದಿನಗಳ ನೀರಿನ ಏರ್ಪಾಡಾಗಬಹುದು, ರಾಮದುರ್ಗದಲ್ಲಿ ಮಳೆಗಾಲಕ್ಕೆ ಮುಂಚೆ ನದಿಯ ಕಡೆಯ ಓಣಿಗಳ ಚರಂಡಿಗಳು.