ಡಿಶ್‌ವಾಷರ್ ಕೆಟ್ಟಾಗ ಮೆಕ್ಯಾನಿಕ್‌ಗಿಂತ ಮೊದಲು ನಾವೇ ನೋಡಬಹುದಾದದ್ದು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಪಾತ್ರೆ ತೊಳೆಯುವ ಯಂತ್ರ ಹೊಸ ಆವಿಷ್ಕಾರವೇನಲ್ಲ. ಅಮೆರಿಕದ ಜೋಸೆಫೀನ್ ಕೊಕ್ರೇನ್ ಎಂಬ ಮಹಿಳೆ 1886ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. 1893ರ ಶಿಕಾಗೋ ವಿಶ್ವಮೇಳದಲ್ಲಿ ಅವರ ಯಂತ್ರ ಪ್ರದರ್ಶನಕ್ಕೂ ಬಂದಿತ್ತು. ನಮ್ಮ ಕಡೆಯ ಮನೆಗಳಿಗೆ ಮಾತ್ರ ಇದು ತಡವಾಗಿ ಬಂತು. 2020ರ ಲಾಕ್‌ಡೌನ್‌ನಲ್ಲಿ ಮನೆಗೆಲಸದವರು ಬರಲಾಗದೆ ಇದ್ದಾಗ ಅನೇಕರು ಡಿಶ್‌ವಾಷರ್ ಕೊಂಡರು. ಆಗ ಕೊಂಡ ಯಂತ್ರಗಳ ವಾರಂಟಿ ಈಗ ಮುಗಿದಿದೆ, ಸಣ್ಣಪುಟ್ಟ ತೊಂದರೆಗಳು ಶುರುವಾಗಿವೆ.

ಡಿಶ್‌ವಾಷರ್ ಎಂದರೆ ಶ್ರೀಮಂತರ ಶೋಕಿ ಎಂದು ಹಲವರು ಹೇಳುತ್ತಾರೆ. ನಮ್ಮ ಮನೆಗೆ ಅದು ಬಂದ ಕಾರಣ ಬೇರೆ. ಪಾತ್ರೆ ಸೋಪಿನಿಂದ ಅಮ್ಮಿಯ ಬೆರಳುಗಳ ಚರ್ಮ ಬಿರಿದು ರಕ್ತ ಬರುತ್ತಿತ್ತು. ಸೋಪಿನ ನೀರು ಮುಟ್ಟಬಾರದು ಎಂದು ಚರ್ಮದ ಡಾಕ್ಟರು ಹೇಳಿದ ಮೇಲೆ ಅಬ್ಬಾ ಯಂತ್ರ ತಂದರು. ಅದು ಕೆಟ್ಟು ನಿಂತರೆ, ರಿಪೇರಿಯವರು ಬರುವ ಮೂರು ನಾಲ್ಕು ದಿನ ಪಾತ್ರೆ ರಾಶಿ ಮತ್ತೆ ಅಮ್ಮಿಯ ಕೈಗೇ ಬರುತ್ತದೆ. ಆದ್ದರಿಂದ ಯಾವ ತೊಂದರೆಯನ್ನು ನಾವೇ ಸರಿಮಾಡಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿದಿರುವುದು ಒಳ್ಳೆಯದು. ಇಲ್ಲಿ ಬರೆದಿರುವ ಕೆಲಸಗಳಿಗೆ ದೊಡ್ಡ ಉಪಕರಣವಾಗಲಿ ಹೆಚ್ಚಿನ ಶಕ್ತಿಯಾಗಲಿ ಬೇಡ. ಹುಡುಗರೂ ಮಾಡಬಹುದು, ಹುಡುಗಿಯರೂ ಮಾಡಬಹುದು.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಡಿಶ್‌ವಾಷರ್ ಒಳಗೆ ನಡೆಯುವುದೆಲ್ಲ ನೀರಿನ ಓಡಾಟ. ನಲ್ಲಿಯಿಂದ ಪೈಪಿನ ಮೂಲಕ ನೀರು ಒಳಗೆ ಬರುತ್ತದೆ. ಉಪ್ಪಿನ ಸಹಾಯದಿಂದ ನೀರಿನ ಗಡಸುತನ ಕಡಿಮೆಯಾಗುತ್ತದೆ. ಹೀಟರ್ ಅದನ್ನು ಬಿಸಿ ಮಾಡುತ್ತದೆ. ಒಂದು ಪಂಪು ಆ ನೀರನ್ನು ತಿರುಗುವ ರೆಕ್ಕೆಗಳ ಸಣ್ಣ ತೂತುಗಳಿಂದ ಪಾತ್ರೆಗಳ ಮೇಲೆ ಜೋರಾಗಿ ಚಿಮ್ಮಿಸುತ್ತದೆ. ಕೆಳಗೆ ಬಿದ್ದ ನೀರು ಫಿಲ್ಟರ್‌ನಲ್ಲಿ ಸೋಸಿ ಮತ್ತೆ ಮೇಲಕ್ಕೆ ಹೋಗುತ್ತದೆ. ಒಂದೇ ನೀರನ್ನು ಹೀಗೆ ಮತ್ತೆ ಮತ್ತೆ ಬಳಸುವುದರಿಂದಲೇ ಒಂದು ಸಲ ತೊಳೆಯಲು ಸುಮಾರು 10 ಲೀಟರ್ ನೀರು ಸಾಕಾಗುತ್ತದೆ. ಕೊನೆಗೆ ಇನ್ನೊಂದು ಪಂಪು ಕೊಳೆ ನೀರನ್ನು ಹೊರಗೆ ತಳ್ಳುತ್ತದೆ.

ಹಾಗಾಗಿ ಯಂತ್ರ ಕೈಕೊಟ್ಟಾಗ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು. ನೀರು ಒಳಗೆ ಬರುತ್ತಿದೆಯೇ? ಸರಿಯಾಗಿ ಚಿಮ್ಮುತ್ತಿದೆಯೇ? ನೀರು ಮೃದುವಾಗಿದೆಯೇ? ಹೊರಗೆ ಹೋಗುತ್ತಿದೆಯೇ? ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ.

ಕೈ ಹಾಕುವ ಮೊದಲು ಒಂದು ನಿಯಮ ಇದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಹೊರಗಿಡಬೇಕು. ಈಗ ತಾನೇ ಓಡಿದ ಯಂತ್ರವಾದರೆ ಅರ್ಧ ಗಂಟೆ ತಣ್ಣಗಾಗಲು ಬಿಡಬೇಕು, ಏಕೆಂದರೆ ಒಳಗಿನ ನೀರು ಮತ್ತು ಹೀಟರ್ ಎರಡೂ ಸುಡುತ್ತಿರುತ್ತವೆ.

1. ನೀರು ಒಳಗೆ ಬರುತ್ತಿಲ್ಲ

ಮೊದಲು ನಲ್ಲಿ ಪೂರ್ತಿ ತೆರೆದಿದೆಯೇ ನೋಡಿ. ಸಿಂಕ್ ಕೆಳಗಿನ ನಲ್ಲಿಯನ್ನು ಯಾರೋ ಬೇರೆ ಕೆಲಸಕ್ಕೆ ಮುಚ್ಚಿ ಮರೆತಿರುವುದುಂಟು. ನಂತರ ನೀರು ಬರುವ ಪೈಪು ಯಂತ್ರದ ಹಿಂದೆ ಮಡಚಿಕೊಂಡಿದೆಯೇ ನೋಡಿ.

ಎರಡೂ ಸರಿ ಇದ್ದರೆ ನಲ್ಲಿ ಮುಚ್ಚಿ ಪೈಪನ್ನು ಬಿಚ್ಚಿ. ಅದರ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ತೊಟ್ಟಿಯ ಮರಳು, ತುಕ್ಕು, ಸುಣ್ಣದ ಪುಡಿ ಅಲ್ಲಿ ಸೇರಿಕೊಂಡಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು ಮತ್ತೆ ಹಾಕಿ.

ಮೇಲಿನ ಮಹಡಿಯಲ್ಲಿರುವವರಿಗೆ ಇನ್ನೊಂದು ತೊಂದರೆ ಇದೆ. ಹಲವು ಯಂತ್ರಗಳಿಗೆ ಕನಿಷ್ಠ ಅರ್ಧ ಬಾರ್ ಒತ್ತಡದಲ್ಲಿ ನೀರು ಬೇಕು. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ, 5 ಮೀಟರ್ ಇದ್ದರೆ ಅರ್ಧ ಬಾರ್. ಟ್ಯಾಂಕ್ ನಮ್ಮ ತಲೆಯ ಮೇಲಿನ ತಾರಸಿಯಲ್ಲೇ ಇದ್ದರೆ ಅಷ್ಟು ಎತ್ತರ ಸಿಗುವುದಿಲ್ಲ. ಅದೇ ಯಂತ್ರ ಕೆಳಮಹಡಿಯ ಮನೆಯಲ್ಲಿ ಚೆನ್ನಾಗಿ ಓಡುತ್ತದೆ. ಇಂಥ ಕಡೆ ಬೇಕಾದದ್ದು ಪ್ರೆಶರ್ ಪಂಪು. ಯಂತ್ರದ ವಾಲ್ವ್ ಬದಲಿಸಿದರೆ ಪ್ರಯೋಜನವಿಲ್ಲ.

2. ಪಾತ್ರೆ ಸ್ವಚ್ಛವಾಗುತ್ತಿಲ್ಲ

ತಿರುಗುವ ರೆಕ್ಕೆಗಳನ್ನು ನೋಡಿ. ಹೆಚ್ಚಿನ ಮಾದರಿಗಳಲ್ಲಿ ಅವನ್ನು ಕೈಯಿಂದಲೇ ಎಳೆದು ಅಥವಾ ತಿರುಗಿಸಿ ತೆಗೆಯಬಹುದು. ಬೆಳಕಿಗೆ ಹಿಡಿದರೆ ತೂತುಗಳಲ್ಲಿ ಜೀರಿಗೆ, ಸಾಸಿವೆ, ಅನ್ನದ ಅಗುಳು, ಕರಿಬೇವಿನ ಚೂರು ಕಾಣುತ್ತವೆ. ಟೂತ್‌ಪಿಕ್‌ನಿಂದ ಬಿಡಿಸಿ, ನಲ್ಲಿಯ ಕೆಳಗೆ ಹಿಡಿದು ಅಲುಗಾಡಿಸಿ ತೊಳೆಯಿರಿ. ತೂತುಗಳ ಸುತ್ತ ಬಿಳಿ ಸುಣ್ಣ ಕಟ್ಟಿದ್ದರೆ ಸ್ವಲ್ಪ ಹೊತ್ತು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ.

ಪಾತ್ರೆ ಜೋಡಿಸುವ ರೀತಿಯೂ ಮುಖ್ಯ. ಉದ್ದನೆಯ ಸೌಟು ಅಥವಾ ದೊಡ್ಡ ತಟ್ಟೆ ರೆಕ್ಕೆಗೆ ತಗುಲಿದರೆ ಅದು ತಿರುಗುವುದೇ ಇಲ್ಲ. ಎಲ್ಲ ಜೋಡಿಸಿದ ಮೇಲೆ ರೆಕ್ಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುವ ಅಭ್ಯಾಸ ಒಳ್ಳೆಯದು. ಡಿಟರ್ಜೆಂಟ್ ಡಬ್ಬಿಯ ಮುಚ್ಚಳಕ್ಕೆ ತಟ್ಟೆ ಅಡ್ಡ ನಿಂತರೆ ಮುಚ್ಚಳ ತೆರೆಯುವುದಿಲ್ಲ. ಆಗ ಮಾತ್ರೆ ಕರಗದೆ ಹಾಗೆಯೇ ಉಳಿದಿರುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಗಟ್ಟಿಯಾದ ಪುಡಿಯೂ ಸರಿಯಾಗಿ ಕರಗುವುದಿಲ್ಲ.

ಪಾತ್ರೆಗಳನ್ನು ಮೊದಲೇ ಪೂರ್ತಿ ತೊಳೆಯಬೇಕಿಲ್ಲ. ಮೂಳೆ, ಏಲಕ್ಕಿ ಸಿಪ್ಪೆ, ಚಕ್ಕೆ, ನಿಂಬೆ ಬೀಜ ಇಂಥವನ್ನು ಕಸದ ಬುಟ್ಟಿಗೆ ಹಾಕಿದರೆ ಸಾಕು. ಬಿರಿಯಾನಿ ಮಾಡಿದ ತಾಮ್ರದ ದೇಗ್ಚಿಯನ್ನು ಮಾತ್ರ ಯಂತ್ರಕ್ಕೆ ಹಾಕಬೇಡಿ. ತಾಮ್ರ ಬಣ್ಣಗೆಡುತ್ತದೆ, ಒಳಗಿನ ಕಲಾಯಿಯೂ ಹಾಳಾಗುತ್ತದೆ. ಸಾದಾ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಮರದ ಸೌಟು ಬಿರುಕು ಬಿಡುತ್ತದೆ. ಇವು ಯಂತ್ರದ ದೋಷಗಳಲ್ಲ.

3. ಪಾತ್ರೆ, ಲೋಟಗಳ ಮೇಲೆ ಬಿಳಿ ಪದರ

ಇದು ನಮ್ಮ ರಾಜ್ಯದಲ್ಲಿ ತುಂಬಾ ಕೇಳಿಬರುವ ದೂರು. ಕಾರಣ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿರುತ್ತದೆ. ಗಡಸು ನೀರಿಗಾಗಿ ಮಾಡಿದ ಯಂತ್ರಗಳ ಒಳಗೆ ರಾಳದ ಸಣ್ಣ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪು ನೀರು ಅವನ್ನು ತೊಳೆದು ಮತ್ತೆ ಕೆಲಸಕ್ಕೆ ಸಿದ್ಧ ಮಾಡುತ್ತದೆ. ಉಪ್ಪು ಖಾಲಿಯಾದರೆ ಈ ಕೆಲಸ ನಿಲ್ಲುತ್ತದೆ.

ಒಂದು ಸರಳ ಪರೀಕ್ಷೆ ಮಾಡಿ. ಬಿಳಿಯಾದ ಗಾಜಿನ ಲೋಟವನ್ನು ವಿನೆಗರ್ ಹಾಕಿದ ಬಟ್ಟೆಯಿಂದ ಒರೆಸಿ. ಬಿಳುಪು ಹೋದರೆ ಅದು ಸುಣ್ಣ, ಉಪ್ಪು ತುಂಬಿ ಸರಿಪಡಿಸಬಹುದು. ಹೋಗದಿದ್ದರೆ ಗಾಜೇ ಸವೆದಿದೆ ಎಂದರ್ಥ, ಅದನ್ನು ಸರಿಮಾಡಲಾಗದು.

ಡಿಶ್‌ವಾಷರ್‌ಗೆಂದೇ ಮಾರುವ ಉಪ್ಪನ್ನೇ ಬಳಸಬೇಕು. ಅಡುಗೆಯ ಪುಡಿ ಉಪ್ಪಿಗೆ ಅಯೋಡಿನ್ ಜೊತೆಗೆ ಗಂಟು ಕಟ್ಟದಂತೆ ಬೇರೆ ವಸ್ತುಗಳನ್ನೂ ಬೆರೆಸಿರುತ್ತಾರೆ. ಅದರ ಸಣ್ಣ ಹರಳುಗಳು ಒಳಗೆ ಕಟ್ಟಿಕೊಳ್ಳಬಹುದು. ಉಪ್ಪು ತುಂಬಿದ ಕೂಡಲೇ ಯಂತ್ರ ಓಡಿಸಿ. ಇಲ್ಲದಿದ್ದರೆ ಚೆಲ್ಲಿದ ಉಪ್ಪು ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಇದರ ಜೊತೆಗೆ ನೀರಿನ ಗಡಸುತನ ಎಷ್ಟೆಂದು ಯಂತ್ರದಲ್ಲಿ ಸೆಟ್ ಮಾಡುವ ವಿಧಾನ ಮ್ಯಾನುವಲ್‌ನಲ್ಲಿ ಇರುತ್ತದೆ. ಬೆಂಗಳೂರಿನ ಕೆಲವು ಮನೆಗಳಿಗೆ ಒಂದು ವಾರ ಕಾವೇರಿ ನೀರು, ಇನ್ನೊಂದು ವಾರ ಟ್ಯಾಂಕರ್ ನೀರು ಬರುತ್ತದೆ. ಅಂಥವರು ಹೆಚ್ಚು ಗಡಸಾದ ನೀರಿಗೆ ತಕ್ಕಂತೆ ಸೆಟ್ ಮಾಡುವುದು ಒಳ್ಳೆಯದು.

4. ನೀರು ಹೊರಗೆ ಹೋಗುತ್ತಿಲ್ಲ

ಫಿಲ್ಟರ್ ಹತ್ತಿರ ಸ್ವಲ್ಪ ನೀರು ಉಳಿದಿರುವುದು ಸಹಜ. ತಳದ ತುಂಬ ನೀರು ನಿಂತಿದ್ದರೆ ಮಾತ್ರ ತೊಂದರೆ. ಬಾಷ್ ಯಂತ್ರಗಳಲ್ಲಿ ಇ–24 ಎಂದು ತೋರಿಸಿದರೆ ನೀರು ಹೊರಹೋಗುತ್ತಿಲ್ಲ ಎಂದರ್ಥ. ಬೇರೆ ಕಂಪನಿಗಳ ಸಂಕೇತಗಳು ಬೇರೆ ಇರುತ್ತವೆ, ಮ್ಯಾನುವಲ್ ನೋಡಬೇಕು.

ಲೋಟದಿಂದ ನೀರು ಮೊಗೆದು ಸ್ಪಂಜಿನಿಂದ ಉಳಿದದ್ದನ್ನು ಒರೆಸಿ. ಕೆಳಗಿನ ಫಿಲ್ಟರನ್ನು ತಿರುಗಿಸಿ ಹೊರತೆಗೆದು, ಜಿಡ್ಡು ಹೋಗುವಂತೆ ಬಿಸಿ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ. ನಂತರ ಹೊರಹೋಗುವ ಪೈಪು ಮಡಚಿದೆಯೇ, ಅದು ಸೇರುವ ಸಿಂಕ್ ಪೈಪು ಕಟ್ಟಿದೆಯೇ ನೋಡಿ. ಸಿಂಕಿನಲ್ಲೂ ನೀರು ನಿಧಾನವಾಗಿ ಇಳಿಯುತ್ತಿದ್ದರೆ ದೋಷ ಪ್ಲಂಬಿಂಗ್‌ನದು.

ಇಷ್ಟಾದರೂ ಸರಿಹೋಗದಿದ್ದರೆ ಫಿಲ್ಟರ್ ಇದ್ದ ಗುಂಡಿಯೊಳಗೆ ಪಂಪಿನ ಮುಚ್ಚಳ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದನ್ನು ಬಳಕೆದಾರರೇ ತೆಗೆಯಬಹುದೆಂದು ಮ್ಯಾನುವಲ್‌ನಲ್ಲೇ ಹೇಳಿರುತ್ತಾರೆ. ಒಡೆದ ಗಾಜು ಇರಬಹುದಾದ್ದರಿಂದ ಕೈಗವಸು ಹಾಕಿಕೊಳ್ಳಿ. ಪಕ್ಕದ ಮನೆಯ ಖಾಲಾಗೆ ಪಂಪನ್ನೇ ಬದಲಿಸಬೇಕೆಂದು ರಿಪೇರಿಯವರೊಬ್ಬರು ಹೇಳಿ ಹೋಗಿದ್ದರು. ಮುಚ್ಚಳ ತೆಗೆದು ನೋಡಿದರೆ ಪಂಪಿನ ಚಕ್ರಕ್ಕೆ ಚಹಾ ಲೋಟದ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದ ಮೇಲೆ ಪಂಪು ಮೊದಲಿನಂತೆಯೇ ಓಡುತ್ತಿದೆ.

ವಾಸನೆ, ನೊರೆ ಮತ್ತು ಸೋರಿಕೆ

ವಾಸನೆಗೆ ಕಾರಣ ಹೆಚ್ಚಾಗಿ ಫಿಲ್ಟರ್ ಮತ್ತು ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಸೇರಿದ ಜಿಡ್ಡು. ಒದ್ದೆ ಬಟ್ಟೆಯಿಂದ ರಬ್ಬರಿನ ಮಡಿಕೆಗಳನ್ನು ಒರೆಸಿ. ಆಗಾಗ ಮೇಲಿನ ಅಡ್ಡೆಯಲ್ಲಿ ಒಂದು ಬಟ್ಟಲು ವಿನೆಗರ್ ಇಟ್ಟು ಖಾಲಿ ಯಂತ್ರವನ್ನು ಬಿಸಿ ನೀರಿನಲ್ಲಿ ಓಡಿಸಿ. ವಿನೆಗರ್ ಜೊತೆ ಬ್ಲೀಚಿಂಗ್ ಪುಡಿಯನ್ನಾಗಲಿ ದ್ರವವನ್ನಾಗಲಿ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಬಾಗಿಲಿನಿಂದ ನೊರೆ ಬರುತ್ತಿದ್ದರೆ ಯಾರೋ ಕೈಯಲ್ಲಿ ತೊಳೆಯುವ ಪಾತ್ರೆ ಲಿಕ್ವಿಡ್ ಹಾಕಿದ್ದಾರೆ ಎಂದು ತಿಳಿಯಿರಿ. ಯಂತ್ರ ನಿಲ್ಲಿಸಿ, ನೊರೆ ಇಳಿಯಲು ಬಿಟ್ಟು, ಡಿಟರ್ಜೆಂಟ್ ಇಲ್ಲದೆ ತಣ್ಣೀರಿನಲ್ಲಿ ಒಂದೆರಡು ಸಲ ಜಾಲಾಡಿಸಿ. ಯಂತ್ರದ ತಳದಿಂದಲೇ ನೀರು ಸೋರುತ್ತಿದ್ದರೆ ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ರಿಪೇರಿಯವರನ್ನೇ ಕರೆಯಿರಿ.

ಎಲ್ಲಿ ಕೈ ಬಿಡಬೇಕು?

ಬಾಗಿಲು ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆದರೆ, ಯಂತ್ರ ಹಾಕಿದ ಕೂಡಲೇ ಮನೆಯ ಕರೆಂಟ್ ಟ್ರಿಪ್ ಆದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಹೀಟರ್, ಮೋಟಾರ್, ಸರ್ಕ್ಯೂಟ್ ಬೋರ್ಡ್ ನಮ್ಮ ಕೆಲಸವಲ್ಲ. ಯಂತ್ರದ ತಳ ಅಥವಾ ಪಕ್ಕದ ತಗಡು ಬಿಚ್ಚಬೇಡಿ. ನೀರು ಮತ್ತು ಕರೆಂಟ್ ಒಟ್ಟಿಗೆ ಇರುವ ಜಾಗದಲ್ಲಿ ಪ್ರಯೋಗ ಮಾಡಿದರೆ ಪ್ರಾಣಕ್ಕೇ ಅಪಾಯ. ವಾರಂಟಿ ಇರುವ ಯಂತ್ರವನ್ನು ಬಿಚ್ಚಿದರೆ ವಾರಂಟಿಯೂ ಹೋಗಬಹುದು.

ಈಗ ನಮ್ಮ ಲೆಕ್ಕ

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಒಂದು ಅಕೌಂಟೆನ್ಸಿ ಪಾಠವೂ ಇದೆ. ಭೇಟಿ ಶುಲ್ಕ 500 ರೂಪಾಯಿ ಎಂದಿಟ್ಟುಕೊಳ್ಳಿ. 18% ಜಿಎಸ್‌ಟಿ ಸೇರಿ 590 ಆಗುತ್ತದೆ. ಫಿಲ್ಟರ್ ತೊಳೆಯಲು, ಉಪ್ಪು ತುಂಬಲು ವರ್ಷಕ್ಕೆ ಮೂರು ಸಲ ಕರೆಸಿದರೆ 1,770 ರೂಪಾಯಿ. ಯಂತ್ರದ ಬೆಲೆ 30,000, ಬಾಳಿಕೆ 10 ವರ್ಷ ಎಂದುಕೊಂಡರೆ ನೇರ ಪದ್ಧತಿಯಲ್ಲಿ ವರ್ಷದ ಸವಕಳಿ 3,000. ಅಂದರೆ ಸವಕಳಿಯ ಅರ್ಧಕ್ಕಿಂತ ಹೆಚ್ಚು ಹಣ ಬರೀ ಭೇಟಿಗೆ ಹೋಯಿತು.

ದೊಡ್ಡ ರಿಪೇರಿಗೂ ಇದೇ ಲೆಕ್ಕ ಹಾಕಬಹುದು. 6 ವರ್ಷದ ಯಂತ್ರಕ್ಕೆ 9,000 ರೂಪಾಯಿಯ ಬೋರ್ಡ್ ಬೇಕು ಎನ್ನೋಣ. ಅದು ಇನ್ನೂ 4 ವರ್ಷ ಓಡಿದರೆ ವರ್ಷಕ್ಕೆ 2,250 ಬೀಳುತ್ತದೆ, ಹೊಸದರ ಸವಕಳಿಗಿಂತ ಕಡಿಮೆ. ಆದ್ದರಿಂದ ರಿಪೇರಿ ಮಾಡಿಸುವುದೇ ಲಾಭ. ಅದೇ ಯಂತ್ರಕ್ಕೆ 9 ವರ್ಷ ಆಗಿದ್ದರೆ ಒಂದು ವರ್ಷಕ್ಕಾಗಿ 9,000 ಖರ್ಚು ಮಾಡುವುದು ನಷ್ಟ.

ರಿಪೇರಿಯವರನ್ನು ಕರೆಸಲೇಬೇಕಾದಾಗ ಖರ್ಚು ಎಷ್ಟೆಂದು ಮೊದಲೇ ಕೇಳಿ, ಬಿಲ್ ಪಡೆಯಿರಿ, ಬದಲಿಸಿದ ಹಳೆಯ ಭಾಗವನ್ನು ತೋರಿಸಲು ಹೇಳಿ. ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಗಳಿಗೂ ಅನ್ವಯಿಸುತ್ತದೆ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರು ತಮ್ಮ ವಸ್ತುವನ್ನು ಸುಲಭವಾಗಿ ರಿಪೇರಿ ಮಾಡಿಸಿಕೊಳ್ಳಲು ಮಾಹಿತಿ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಕೂಡ ಆರಂಭಿಸಿದೆ.

ಕೊನೆಗೆ, ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಲು ಒಂದು ಪಟ್ಟಿ:

ಪ್ರತಿದಿನ: ರೆಕ್ಕೆ ಕೈಯಿಂದ ತಿರುಗಿಸಿ ನೋಡುವುದು.
ವಾರಕ್ಕೊಮ್ಮೆ: ಫಿಲ್ಟರ್ ತೊಳೆಯುವುದು, ರಬ್ಬರ್ ಪಟ್ಟಿ ಒರೆಸುವುದು.
ತಿಂಗಳಿಗೊಮ್ಮೆ: ಉಪ್ಪು ನೋಡುವುದು, ರೆಕ್ಕೆಯ ತೂತು ಬಿಡಿಸುವುದು.
ಆರು ತಿಂಗಳಿಗೊಮ್ಮೆ: ನೀರಿನ ಪೈಪಿನ ಜಾಲರಿ ತೊಳೆಯುವುದು.

ಪ್ರತಿ ಕೆಲಸದ ಮುಂದೆ ಮನೆಯ ಒಬ್ಬೊಬ್ಬರ ಹೆಸರು ಬರೆಯಿರಿ. ಎಲ್ಲ ಸಾಲಿನಲ್ಲೂ ಅಮ್ಮನ ಹೆಸರೇ ಬಾರದಂತೆ ನೋಡಿಕೊಳ್ಳಿ.