ಪಿಕಪ್‌ನ ಗೇರ್‌ಬಾಕ್ಸ್ ಮೇಲೆ ಬಿಳಿ ಪುಡಿ: ಉಜ್ಜುವ ಮುಂಚೆ ಇದನ್ನು ಓದಿ

ಗಾಡಿ ಅಡಿಗೆ ಬಗ್ಗಿ ಗೇರ್‌ಬಾಕ್ಸ್ ನೋಡಿ ಎಷ್ಟು ದಿನ ಆಯ್ತು? ಅಡಿಕೆ ತೋಟದ ಕೆಲಸಕ್ಕೆ ಓಡುವ ಹಳೇ ಪಿಕಪ್ ಆದ್ರೆ ಹೌಸಿಂಗ್ ಮೇಲೆ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ ಇರೋ ಸಾಧ್ಯತೆ ಹೆಚ್ಚು. ನಮ್ಮ ಮನೆ ಗಾಡಿಗೂ ಇದೆ. ಇದು ಬರೀ ಕೊಳೆ ಅಲ್ಲ, ಅಲ್ಯೂಮಿನಿಯಂ ಸವೆದು ಉದುರಿದ ಪುಡಿ. ಗುಳಿ ಆಳವಾದರೆ ಆಯಿಲ್ ಜಿನುಗುತ್ತೆ. ಹಳೇ ಮಾಡೆಲ್‌ಗೆ ಹೊಸ ಹೌಸಿಂಗ್ ಸಿಗೋದು ಸುಲಭವಲ್ಲ.

ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಬೀಡು ಕಬ್ಬಿಣ. ಅಂಟದಿದ್ದರೆ ಅಲ್ಯೂಮಿನಿಯಂ, ಮುಂದಿನ ಮಾತು ನಿಮಗೇ.

ಯಾಕೆ ಹೀಗಾಗುತ್ತೆ?

ಬೋರ್ಡೋ ದ್ರಾವಣ ಮಾಡುವಾಗ ಚೂರಿ ಅದ್ದಿ ನೋಡ್ತೀವಲ್ಲ? ಸುಣ್ಣ ಕಡಿಮೆಯಾದರೆ ಚೂರಿ ಮೇಲೆ ಕೆಂಪಗೆ ತಾಮ್ರ ಕೂರುತ್ತೆ. ಡ್ರಮ್‌ನಿಂದ ತುಳುಕಿದ ಮೈಲುತುತ್ತದ ನೀರು ಗೇರ್‌ಬಾಕ್ಸ್ ಮೇಲೆ ಬಿದ್ದಾಗಲೂ ಆಗೋದು ಇದೇ. ತಾಮ್ರ ಕೂತ ಜಾಗದ ಸುತ್ತ ಅಲ್ಯೂಮಿನಿಯಂ ಬೇಗ ಸವೆಯುತ್ತೆ. ಸುಣ್ಣದ ನೀರೂ ಅದನ್ನು ತಿನ್ನುತ್ತೆ. ಚೀಲದಿಂದ ಉದುರುವ ಪೊಟ್ಯಾಷ್ (ಎಂಒಪಿ) ಕ್ಲೋರೈಡ್ ಉಪ್ಪು, ಒದ್ದೆಯಾದರೆ ಗುಳಿ ಬೀಳಿಸುತ್ತೆ. ಸ್ಟೀಲ್ ಬೋಲ್ಟ್ ಕೂತಲ್ಲಿ ತೇವ ನಿಂತರೆ ಅಲ್ಲಿ ಸವೆತ ಇನ್ನೂ ಜೋರು.

ಇವನ್ನು ಮಾಡಲೇಬೇಡಿ

* ಕಾಸ್ಟಿಕ್ ಸೋಡಾ ಹಾಕ್ಬೇಡಿ. ನೊರೆ ಎದ್ದು ಹೊಳಪು ಬರುತ್ತೆ ನಿಜ, ಆದರೆ ಕರಗ್ತಾ ಇರೋದು ಹೌಸಿಂಗೇ. ಆಗ ಏಳುವ ಹೈಡ್ರೋಜನ್‌ಗೆ ಬೆಂಕಿ ಹತ್ತುತ್ತೆ.
* ಟಾಯ್ಲೆಟ್ ತೊಳೆಯೋ ಆಸಿಡ್ ಬೇಡ.
* ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಚೂರು ಅಲ್ಲೇ ಸಿಕ್ಕಿಕೊಂಡು ಹೊಸ ಸವೆತ ಶುರುವಾಗುತ್ತೆ.
* ಸುಟ್ಟ ಆಯಿಲ್ ಬಳಿಯಬೇಡಿ. ಧೂಳು ಮೆತ್ತಿಕೊಂಡು ಎಲ್ಲಿ ಲೀಕ್ ಅಂತ ಗೊತ್ತಾಗೋದೇ ಇಲ್ಲ.

ನಾನು ಮಾಡೋ ಕ್ರಮ

1. ಎಂಜಿನ್ ತಣ್ಣಗಾಗಲಿ. ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗ್ಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ.
2. ಬ್ರೀದರ್‌ಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಅದರೊಳಗೆ ನೀರು ಹೋದರೆ ಗೇರ್ ಆಯಿಲ್ ಹಾಲಿನ ಹಾಗೆ ಆಗುತ್ತೆ. ಆಯಿಲ್ ಸೀಲ್‌ಗಳ ಕಡೆ ಪ್ರೆಷರ್ ವಾಷರ್ ಹಿಡಿಯಬೇಡಿ.
3. ಜಿಡ್ಡಿಗೆ ಡೀಸೆಲ್ ಹಚ್ಚಿ ಒರೆಸಿ. ಆಮೇಲೆ ಸೋಪಿನ ನೀರು, ನಂತರ ಬರೀ ನೀರು.
4. ಬಿಳಿ ಪುಡಿಯನ್ನು ನೈಲಾನ್ ಬ್ರಷ್ ಇಲ್ಲವೇ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ತೆಗೆಯಿರಿ. ಹೋಗದ ಕಡೆ ವಿನೆಗರ್ ಅದ್ದಿದ ಬಟ್ಟೆ 15 ನಿಮಿಷ ಇಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೈಗವಸು, ಕನ್ನಡಕ ಇರಲಿ.
5. ಪೂರ್ತಿ ಒಣಗಿದ ಮೇಲೆ ಟಾರ್ಚ್ ಹಾಕಿ ನೋಡಿ. ಬೋಲ್ಟ್ ಕಿವಿಯ ಹತ್ತಿರ ಬಿರುಕು ಅಥವಾ ಗುಳಿಯಿಂದ ಆಯಿಲ್ ಕಂಡರೆ ಬಣ್ಣ ಹೊಡೆದು ಮುಚ್ಚಬೇಡಿ. ಅಲ್ಯೂಮಿನಿಯಂ ವೆಲ್ಡಿಂಗ್ ಗೊತ್ತಿರುವವರಿಗೆ ತೋರಿಸಿ.

ಕಾಪಾಡೋದು ಹೇಗೆ?

ಬಣ್ಣ ಹೊಡೆಯೋದಾದ್ರೆ ಅಲ್ಯೂಮಿನಿಯಂಗೆ ಅಂತಲೇ ಕೇಳಿ ಎಚ್ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ತನ್ನಿ. ನೇರ ಎನಾಮೆಲ್ ಹೊಡೆದರೆ ಸಿಪ್ಪೆಯಂತೆ ಏಳುತ್ತೆ, ಅದರಡಿ ನೀರು ನಿಲ್ಲುತ್ತೆ. ಬ್ರೀದರ್, ಡ್ರೈನ್ ಪ್ಲಗ್, ಜೋಡಣೆಯ ಮುಖಗಳಿಗೆ ಬಣ್ಣ ತಾಗಬಾರದು. ಖರ್ಚು ಬೇಡ ಅಂದ್ರೆ ತೆಳ್ಳಗೆ ವ್ಯಾಕ್ಸ್ ಸ್ಪ್ರೇ ಸಾಕು, ಪ್ರತಿ ವರ್ಷ ಮತ್ತೆ ಹೊಡೆಯಬೇಕು ಅಷ್ಟೇ.

ಇದೆಲ್ಲಕ್ಕಿಂತ ದೊಡ್ಡ ಔಷಧ ನೀರು. ಕೊಳೆ ಔಷಧಿ ಅಥವಾ ಗೊಬ್ಬರ ಸಾಗಿಸಿದ ದಿನ ಸಂಜೆಯೇ ಗಾಡಿ ಅಡಿಗೆ ಪೈಪ್ ಹಿಡಿಯಿರಿ. ಡ್ರಮ್ ಕೆಳಗೆ ಟಾರ್ಪಾಲ್ ಹಾಸಿ.

ಮೊಬೈಲ್‌ನಲ್ಲಿ ಇವತ್ತೇ ಹೌಸಿಂಗ್‌ನ ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಮುಂದಿನ ವರ್ಷ ಅದೇ ಕೋನದಲ್ಲಿ ತೆಗೆದು ಹೋಲಿಸಿ. ಗುಳಿ ಬೆಳೀತಿದೆಯೋ ನಿಂತಿದೆಯೋ ನಿಮಗೇ ಕಾಣುತ್ತೆ.