ಅಮ್ಮನ ‘ಅಂದಾಜು’ ಎಷ್ಟು ಗ್ರಾಂ?

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಿಂದ ಊರಿಗೆ ಹೋಗುವ ಫೋನುಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದಿದೆ: ‘ಮೆಂತ್ಯ ಎಷ್ಟು ಹಾಕಬೇಕು?’ ಉತ್ತರವೂ ಎಲ್ಲ ಮನೆಗಳಲ್ಲಿ ಒಂದೇ: ‘ಅಂದಾಜಿಗೆ ಹಾಕು.’ ಇನ್ನಷ್ಟು ಕೆದಕಿದರೆ ‘ಒಂದು ಹಿಡಿ’, ‘ಮೂರು ಬೆರಳಿಗೆ ಸಿಗುವಷ್ಟು’, ‘ಆ ಸಣ್ಣ ಸ್ಟೀಲ್ ಲೋಟ ಇದೆಯಲ್ಲ, ಅದರಲ್ಲಿ ಅರ್ಧ’. ಆ ಸಣ್ಣ ಸ್ಟೀಲ್ ಲೋಟ ಇರುವುದು ದಾವಣಗೆರೆಯಲ್ಲಿ. ಕೇಳುತ್ತಿರುವವರು ಇರುವುದು ಠಾಣೆಯಲ್ಲಿ.

ನಗು ಬಂದರೂ ಇದು ನಗುವ ವಿಷಯ ಮಾತ್ರವಲ್ಲ. ನಮ್ಮಲ್ಲಿ ಬಹಳ ಮನೆಗಳ ರುಚಿ ನಡೆಯುತ್ತಿರುವುದು ಊರಿನಿಂದ ಬರುವ ಡಬ್ಬಿಗಳ ಮೇಲೆ. ರಜೆಗೆ ಹೋದವರು ವಾಪಸು ಬರುವಾಗ ಬಟ್ಟೆಗಳ ನಡುವೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಡಬ್ಬಿ ಬರುವ ತನಕ ಇಲ್ಲಿನ ಅಡುಗೆಮನೆಗೆ ತನ್ನದೇ ಪದ್ಧತಿ ಬೇಕಾಗುವುದಿಲ್ಲ. ಅಮ್ಮನಿಗೆ ಕೈಲಾಗದ ದಿನ, ಅಥವಾ ಅಮ್ಮ ಇಲ್ಲವಾದ ದಿನ, ಡಬ್ಬಿ ನಿಲ್ಲುತ್ತದೆ. ಉಳಿದದ್ದನ್ನು ಮುಗಿಸಲು ಮನಸ್ಸು ಬಾರದೆ ಡಬ್ಬಿಯ ತಳದ ಎರಡು ಚಮಚ ಪುಡಿಯನ್ನು ಫ್ರಿಜ್ಜಿನಲ್ಲಿ ಹಾಗೇ ಇಟ್ಟುಕೊಂಡವರನ್ನು ನಾನು ಬಲ್ಲೆ. ಆಮೇಲೆ ಅಂಗಡಿಯ ಪ್ಯಾಕೆಟ್ಟು. ಪ್ಯಾಕೆಟ್ಟಿನ ಸಾರು ಕೆಟ್ಟದ್ದೇನಲ್ಲ. ಅವಸರದ ಬೆಳಿಗ್ಗೆಗಳಲ್ಲಿ ಅದೇ ದಿಕ್ಕು. ಆದರೆ ಆ ರುಚಿ ಎದುರು ಫ್ಲ್ಯಾಟಿನಲ್ಲೂ ಇದೆ. ‘ನಮ್ಮನೆ ಸಾರು’ ಎನ್ನುವ ಮಾತಿಗೆ ಆಗ ಅರ್ಥ ಉಳಿಯುವುದಿಲ್ಲ.

ಅಂದಾಜನ್ನು ಹಿಡಿದಿಟ್ಟುಕೊಳ್ಳಲು ಒಂದು ಸುಲಭ ದಾರಿ ಇದೆ. ಊರಿಗೆ ಹೋಗುವಾಗ ಒಂದು ಡಿಜಿಟಲ್ ಅಡುಗೆ ತಕ್ಕಡಿ ಜೊತೆಗೆ ಒಯ್ಯಿರಿ. ಪುಡಿ ಮಾಡುವ ದಿನ ತಕ್ಕಡಿಯ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಅಮ್ಮನೋ ಅತ್ತೆಯೋ ತಮ್ಮ ಕೈಯಿಂದಲೇ ಒಂದೊಂದು ಸಾಮಾನನ್ನೂ ಹಾಕಲಿ, ನೀವು ಪಕ್ಕದಲ್ಲಿ ನಿಂತು ಗ್ರಾಂ ಬರೆದುಕೊಳ್ಳಿ. ನಡುವೆ ‘ಎಷ್ಟು ಹಾಕಿದಿರಿ’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಅವರು ಯೋಚಿಸುತ್ತಾರೆ. ಯೋಚಿಸಿದರೆ ಕೈ ತಡವರಿಸುತ್ತದೆ. ಪಾತ್ರೆ ತೂಗಲು ಆಗದಿದ್ದರೆ ಸಾಮಾನಿನ ಡಬ್ಬಿಗಳನ್ನು ಮೊದಲೊಮ್ಮೆ, ಕೊನೆಗೊಮ್ಮೆ ತೂಗಿ ಕಳೆದರಾಯಿತು. ಪಾವು, ಚಟಾಕಿನಲ್ಲಿ ಹೇಳುವವರಿದ್ದರೆ ಅವರ ಪಾವನ್ನೇ ತುಂಬಿಸಿ ತೂಗಿ. ಪಾವು ಎಂದರೆ ಸೇರಿನ ಕಾಲು ಭಾಗ ಎಂಬ ಲೆಕ್ಕ ಸರಿಯೇ, ಆದರೆ ಒಂದು ಪಾವು ಕೊತ್ತಂಬರಿ ಬೀಜಕ್ಕೂ ಒಂದು ಪಾವು ಮೆಂತ್ಯಕ್ಕೂ ತೂಕದಲ್ಲಿ ಅಜಗಜಾಂತರ.

ಹಳೆ ಮೈಸೂರು ಕಡೆಯ ಸಾರಿನ ಪುಡಿಯನ್ನು ಹೀಗೆ ತೂಗಿದರೆ ಹೆಚ್ಚುಕಡಿಮೆ ಇಂಥ ಲೆಕ್ಕ ಬರುತ್ತದೆ: ಕೊತ್ತಂಬರಿ ಬೀಜ 250 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 150, ಖಾರಕ್ಕೆ ಗುಂಟೂರು 50, ಜೀರಿಗೆ 50, ಕಾಳುಮೆಣಸು 25, ಮೆಂತ್ಯ 20, ಸಾಸಿವೆ 15, ಎರಡು ಹಿಡಿ ಕರಿಬೇವು, ಇಂಗು, ಅರಿಸಿನ. ನಿಮ್ಮ ಮನೆಯದು ಇದಕ್ಕಿಂತ ಬೇರೆಯೇ ಇರುತ್ತದೆ, ಇರಲೇಬೇಕು. ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೆ ಒಣಕೊಬ್ಬರಿ, ಬೆಳ್ಳುಳ್ಳಿ ಬೀಳುತ್ತದೆ. ಕರಾವಳಿಯ ಅನೇಕ ಮನೆಗಳಲ್ಲಿ ಪುಡಿ ಮಾಡಿಟ್ಟುಕೊಳ್ಳುವುದಕ್ಕಿಂತ ಆಗಿಂದಾಗ ಹುರಿದು ತೆಂಗಿನಕಾಯಿಯ ಜೊತೆ ರುಬ್ಬುವುದೇ ಹೆಚ್ಚು.

ಗ್ರಾಂ ಸಿಕ್ಕರೂ ಅರ್ಧ ಕೆಲಸ ಮಾತ್ರ ಆಯಿತು. ಉಳಿದದ್ದು ಹದ. ಮೆಂತ್ಯ ಕೆಂಪಾಗಬೇಕು, ಕಪ್ಪಾದರೆ ಇಡೀ ಡಬ್ಬಿ ಕಹಿ. ಮೆಣಸಿನಕಾಯಿ ಕೈಯಲ್ಲಿ ಮುರಿದರೆ ಗರಿಗರಿ ಎನ್ನಬೇಕು. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ. ಬಿಸಿಯಲ್ಲಿ ಪುಡಿ ಮಾಡಿ ಮುಚ್ಚಿಟ್ಟರೆ ಬೆವೆತು ಬೇಗ ಮುಗ್ಗುತ್ತದೆ, ಮುಂಬೈಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹುರಿದ ಬಣ್ಣ ಮಾತಿನಲ್ಲಿ ಹೇಳಲು ಬರುವುದಿಲ್ಲ. ಬಾಣಲೆಯ ಫೋಟೋ ತೆಗೆದು ಅಳತೆಯ ಜೊತೆಗೇ ಇಟ್ಟುಕೊಳ್ಳಿ.

ಮೆಣಸಿನಕಾಯಿಯ ವಿಷಯದಲ್ಲಿ ಸ್ವಲ್ಪ ಹಟ ಇರಲಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯ ಗುಣ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಗಿಡ್ಡಗೆ ಉಬ್ಬಿಕೊಂಡಿರುವ ಡಬ್ಬಿಯಲ್ಲಿ ಬಣ್ಣ ಇನ್ನೂ ಜಾಸ್ತಿ. ಹೈದರಾಬಾದಿನಲ್ಲಿ ಸುಲಭವಾಗಿ ಸಿಗುವ ಗುಂಟೂರು ಕಾಯನ್ನೋ ಚೆನ್ನೈನ ಗುಂಡು ಮೆಣಸಿನಕಾಯನ್ನೋ ಅದೇ ತೂಕಕ್ಕೆ ಹಾಕಿದರೆ ಸಾರು ನಾಲಿಗೆ ಸುಡುತ್ತದೆ, ಕೆಂಪು ಬರುವುದಿಲ್ಲ. ದೆಹಲಿಯಲ್ಲಿ ಬ್ಯಾಡಗಿ ಸಿಗದ ದಿನ ಕಾಶ್ಮೀರಿ ಕಾಯಿ ಹತ್ತಿರ ಬರುತ್ತದೆ. ಮುಂಬೈಯವರಿಗೆ ಮಾಟುಂಗ ಇರುವ ತನಕ ಈ ಚಿಂತೆ ಇಲ್ಲ.

ವರ್ಷಕ್ಕೆ ಎರಡು ಸಲ ಪುಡಿ ಮಾಡುವ ದಿನ ಎಂದು ಗೊತ್ತು ಮಾಡಿಕೊಂಡ ಮನೆಗಳಿವೆ. ಮಳೆಗೆ ಮುಂಚೆ ಒಂದು ಭಾನುವಾರ, ದೀಪಾವಳಿ ಕಳೆದು ಇನ್ನೊಂದು. ಮಕ್ಕಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ, ಕರಿಬೇವು ಬಿಡಿಸುತ್ತಾರೆ. ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಾರೆ, ಒಮ್ಮೊಮ್ಮೆ ಮಹಡಿಯ ಮೇಲಿನವರೂ. ಹಬ್ಬದ ಪಟ್ಟಿಯಲ್ಲಿ ಇಲ್ಲದ ಹಬ್ಬ ಇದು. ಪಂಚಾಂಗ ನೋಡಬೇಕಿಲ್ಲ, ಮಡಿ ಇಲ್ಲ, ರಜೆ ಹಾಕಬೇಕಿಲ್ಲ. ಪರಸ್ಥಳದಲ್ಲಿ ಹೊಸದಾಗಿ ಸಂಪ್ರದಾಯ ಕಟ್ಟುವವರು ಇಂಥದ್ದರಿಂದ ಶುರು ಮಾಡುವುದೇ ಒಳ್ಳೆಯದು ಎಂದು ನನ್ನ ಲೆಕ್ಕ. ಹದಿನಾರು ಬಗೆಯ ಎಲೆ ಊಟವನ್ನು ಗುರಿಯಾಗಿಟ್ಟುಕೊಂಡವರು ಎರಡನೇ ವರ್ಷಕ್ಕೆ ಕೇಟರಿಂಗ್‌ಗೆ ಹೇಳಿಬಿಡುತ್ತಾರೆ. ಯುಗಾದಿಗೆ ಮಹಾರಾಷ್ಟ್ರದಲ್ಲಿ ಗುಡಿ ಪಾಡ್ವ ಎಂದು ರಜೆ ಸಿಗುತ್ತದೆ, ಹೈದರಾಬಾದಿನಲ್ಲೂ ಸಿಗುತ್ತದೆ. ದೆಹಲಿಯ ಎಷ್ಟೋ ಜನರಿಗೆ ಅದು ಆಫೀಸಿನ ದಿನ. ಅವರಿಗೆ ಬೇವು ಬೆಲ್ಲ ಬೆಳಿಗ್ಗೆ, ಹೋಳಿಗೆ ಮುಂದಿನ ಭಾನುವಾರ. ಅದರಲ್ಲಿ ಕುಂದೇನೂ ಇಲ್ಲ.

ಹೋಳಿಗೆ ಎಂದ ಕೂಡಲೇ ಪುಣೆ, ಮುಂಬೈಯವರಿಗೆ ಪೂರಣ ಪೋಳಿ ನೆನಪಾಗುತ್ತದೆ. ಎರಡೂ ಕಡೆ ಹೂರಣಕ್ಕೆ ಬೇಳೆ ಬೇಯಿಸಿ ಬಸಿದ ನೀರನ್ನು ಚೆಲ್ಲುವುದಿಲ್ಲ. ನಮ್ಮಲ್ಲಿ ಅದು ಕಟ್ಟು, ಅದರದ್ದು ಕಟ್ಟಿನ ಸಾರು, ಅಂದರೆ ಹೋಳಿಗೆ ಸಾರು. ಮರಾಠಿಯಲ್ಲಿ ಕಟಾಚಿ ಆಮಟಿ. ಹೆಸರೇ ನೆಂಟಸ್ತಿಕೆ ಹೇಳುತ್ತದೆ. ಕನ್ನಡ–ಮರಾಠಿ ಜೋಡಿಯ ಮನೆಯಲ್ಲಿ ಈ ಒಂದು ಪಾತ್ರೆ ಎರಡೂ ಕಡೆಯ ಅಜ್ಜಿಯರಿಗೆ ಸೇರಿದ್ದು. ಹಳೆ ಮೈಸೂರಿನವರು ತೊಗರಿಬೇಳೆಯ ಹೂರಣ, ಎಣ್ಣೆಯಲ್ಲಿ ನೆನೆದ ಮೈದಾ ಕಣಕ ಎನ್ನಬಹುದು, ಆ ಕಡೆಯವರು ಕಡಲೆಬೇಳೆ, ಗೋಧಿಹಿಟ್ಟು ಎನ್ನಬಹುದು. ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ. ಸಾರಿನ ಬಗ್ಗೆ ಮಾತ್ರ ಯಾರ ತಕರಾರೂ ಇರುವುದಿಲ್ಲ, ಯಾಕೆಂದರೆ ಮರುದಿನ ಕುದಿಸಿ ಕುದಿಸಿ ಗಟ್ಟಿಯಾದ ಆ ಸಾರಿಗೆ ಬಿಸಿ ಅನ್ನ, ತುಪ್ಪ ಸಾಕು. ಹೋಳಿಗೆ ಇರುವುದೇ ಆ ಸಾರಿಗೋಸ್ಕರ ಎನ್ನುವ ಪಂಗಡಕ್ಕೆ ನಾನೂ ಸೇರಿದವಳು.

ರೊಟ್ಟಿಯ ಮನೆಗಳ ಕಥೆ ಬೇರೆ. ಕಲಬುರಗಿ, ವಿಜಯಪುರದಿಂದ ಪುಣೆಗೆ ಬಂದವರಿಗೆ ಜೋಳ ಹುಡುಕುವ ಕಷ್ಟ ಇಲ್ಲ, ಅಲ್ಲಿ ಭಾಕರಿ ನಿತ್ಯದ ಊಟ. ಚೆನ್ನೈಯಲ್ಲಿ ಇರುವವರು ಹಳೆಯ ಹಿಟ್ಟಿನ ಪ್ಯಾಕೆಟ್ ತಂದು, ಬಡಿಯುವಾಗ ರೊಟ್ಟಿ ಸೀಳಿ, ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ತಪ್ಪು ಕೈಯದಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ಹಿಟ್ಟು ಹಳೆಯದಾದಷ್ಟೂ ಆ ಜಿಗಿ ಕಡಿಮೆ. ಜೋಳವನ್ನೇ ತರಿಸಿ, ಹದಿನೈದು ದಿನಕ್ಕಾಗುವಷ್ಟು ಮಾತ್ರ ಗಿರಣಿಗೆ ಹಾಕಿಸುವುದು ವಾಸಿ.

ಸಂಪ್ರದಾಯ ಉಳಿಯಬೇಕು ಎಂದು ಹಾಲಿನಲ್ಲಿ ಕೂತು ಹೇಳುವವರು ಬೇರೆ, ಒಲೆಯ ಮುಂದೆ ನಿಂತು ಬೆವರುವವರು ಬೇರೆ ಆಗಿರುವ ಮನೆಗಳಲ್ಲಿ ಯಾವ ಸಂಪ್ರದಾಯವೂ ಬಹಳ ಕಾಲ ನಡೆಯುವುದಿಲ್ಲ, ನಡೆಯಬಾರದು ಕೂಡ. ಎಂಟು ತಾಸು ಆಫೀಸು, ಎರಡು ತಾಸು ಲೋಕಲ್ ಟ್ರೈನು ಮುಗಿಸಿ ಬಂದವಳಿಗೆ ಹೂರಣ ರುಬ್ಬುವುದು ಹಬ್ಬ ಅಲ್ಲ, ಇನ್ನೊಂದು ಶಿಫ್ಟು. ಒಬ್ಬರು ಬೇಳೆ ಬೇಯಿಸಿ ರುಬ್ಬಲಿ, ಇನ್ನೊಬ್ಬರು ಕಣಕ ನಾದಲಿ, ಮಕ್ಕಳು ಉಂಡೆ ಕಟ್ಟಲಿ, ತಟ್ಟಿ ಬೇಯಿಸಲು ಸರದಿ ಇರಲಿ. ಗಂಡಸರ ಹೋಳಿಗೆ ಮೊದಲ ವರ್ಷ ನಕಾಶೆಯ ಹಾಗೆ ಬರುತ್ತದೆ. ತಿನ್ನುವಾಗ ಗೊತ್ತಾಗುವುದಿಲ್ಲ.

ಮಕ್ಕಳನ್ನು ಸೇರಿಸಿಕೊಳ್ಳಬೇಕು ಎನ್ನುವುದಕ್ಕೆ ನನ್ನ ಕಾರಣ ಸ್ವಲ್ಪ ಸ್ವಾರ್ಥದ್ದು. ನಮ್ಮ ಮಕ್ಕಳ ಕನ್ನಡ ಶಾಲೆಯಲ್ಲಿ ಇಲ್ಲ, ಗೆಳೆಯರ ನಡುವೆ ಇಲ್ಲ. ಅಡುಗೆಮನೆಯಲ್ಲಿ ಇನ್ನೂ ಇದೆ. ಹಿಂದಿಯಲ್ಲಿ ಎಲ್ಲಕ್ಕೂ ‘ಮಿಲಾವೋ’ ಎಂದು ಮುಗಿಸುವ ಹುಡುಗನಿಗೆ, ಹುಣಸೆಹಣ್ಣನ್ನು ಕಿವುಚಬೇಕು, ಹಿಟ್ಟನ್ನು ನಾದಬೇಕು, ಅನ್ನವನ್ನು ಕಲಸಬೇಕು, ಮಜ್ಜಿಗೆಯನ್ನು ಕಡೆಯಬೇಕು, ಪಲ್ಯವನ್ನು ಮಗುಚಬೇಕು ಎಂದು ಬೇರೆ ಬೇರೆ ಮಾತು ಕಲಿಸಲು ಪುಸ್ತಕದಿಂದ ಆಗುವುದಿಲ್ಲ. ಕೈ ಹುಣಸೆನೀರಿನಲ್ಲಿ ಇದ್ದಾಗ ‘ಕಿವುಚು’ ತಾನಾಗಿ ಬರುತ್ತದೆ.

ಅಳತೆಯ ಪುಸ್ತಕವನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎನ್ನುವ ಪ್ರಶ್ನೆ ಇಲ್ಲೇ ಬರುತ್ತದೆ. ಕನ್ನಡದಲ್ಲೇ ಬರೆಯಬೇಕೆಂದು ನಮಗೆಲ್ಲ ಆಸೆ. ಆದರೆ ನಾಳೆ ಅದನ್ನು ತೆರೆಯುವ ಮಗಳಿಗೆ ಕನ್ನಡ ಓದಲು ಬಾರದಿದ್ದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಒಂದು ಪುಟ ಕನ್ನಡದಲ್ಲಿ, ಎದುರು ಪುಟ ಅವಳಿಗೆ ಬರುವ ಅಕ್ಷರಗಳಲ್ಲಿ ಬರೆದಿಡಿ. ಆ ಎದುರು ಪುಟದಲ್ಲೂ ಮೆಂತ್ಯ ಮೆಂತ್ಯವಾಗಿಯೇ ಇರಲಿ. ‘ಫೆನುಗ್ರೀಕ್’ ಎಂದು ಬರೆದುಕೊಂಡು ಹೋದರೆ ಮಾಟುಂಗದ ಅಂಗಡಿಯವನೂ ತಲೆ ಕೆರೆದುಕೊಂಡಾನು.